ಕೋಡ್ ಎಲ್ಲರಿಗೂ ಫ್ರೀ, ಹಾಗಾದರೆ ಕಂಪನಿ ನಡೆಯುವುದು ಹೇಗೆ?

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು. ಹುಬ್ಬಳ್ಳಿಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಎರಡು ವರ್ಷದಿಂದ ಒಂದು ಓಪನ್ ಸೋರ್ಸ್ ಟೂಲ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಟೂಲ್, ಕಟ್ಟುತ್ತಿದ್ದೇವೆ. ಡೇಟಾಬೇಸ್ ಮೈಗ್ರೇಷನ್ (ಡೇಟಾಬೇಸ್‌ನ ರಚನೆ ಬದಲಿಸುವ ಕೋಡ್) ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುತ್ತಿರುವ ಸಿಸ್ಟಮ್‌ಗೆ, ಹೋಗುವ ಮೊದಲೇ ಅದನ್ನು ಓದಿ, ಎಲ್ಲಿ ಟೇಬಲ್ ಲಾಕ್ ಆಗಬಹುದು, ಎಲ್ಲಿ ಡೇಟಾ ಕಳೆದುಹೋಗಬಹುದು ಅಂತ ಹೇಳುತ್ತದೆ. ಜೊತೆಗೆ ಸಣ್ಣದೊಂದು ವೆಬ್ ಡ್ಯಾಶ್‌ಬೋರ್ಡ್ ಇದೆ. ಅಪಾಚೆ 2.0 ಲೈಸೆನ್ಸ್, ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಬಹುದು. ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಮೆಚ್ಚಿದವರ ಆರು ಸಾವಿರ ಸ್ಟಾರ್ ಬಂದಿವೆ, ದುಡ್ಡು ಒಂದು ರೂಪಾಯಿಯೂ ಬಂದಿಲ್ಲ. ಒಬ್ಬ ಗೆಳೆಯ ಹುಬ್ಬಳ್ಳಿಯಲ್ಲೇ ಇದ್ದಾನೆ, ಮುಕ್ಕಾಲು ಪಾಲು ಕೋಡ್ ಅವನದು. ಗೆಳತಿ ಮೈಸೂರಿನಲ್ಲಿದ್ದಾಳೆ, ಡಾಕ್ಯುಮೆಂಟೇಷನ್, ಇಶ್ಯೂಗಳಿಗೆ ಉತ್ತರ, ರಿಲೀಸ್ ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಸಂಜೆ ಹೊತ್ತು ಬಳಕೆದಾರರ ಜೊತೆ ಮಾತಾಡುತ್ತೇನೆ.

ಈಗ ಕಂಪನಿ ಮಾಡೋಣ ಅಂತಿದ್ದೇವೆ. ಒಬ್ಬ ಹೂಡಿಕೆದಾರರು ‘ಮೊದಲು ಲೈಸೆನ್ಸ್ ಬದಲಿಸಿ, ಇಲ್ಲದಿದ್ದರೆ ದೊಡ್ಡ ಕ್ಲೌಡ್ ಕಂಪನಿ ನಿಮ್ಮದನ್ನು ಎತ್ತಿಕೊಂಡು ಹೋಗುತ್ತದೆ’ ಅಂದರು. ಗೆಳೆಯ ‘ಕೋಡ್ ಬರೆದವನಿಗೆ ಜಾಸ್ತಿ ಷೇರು ಬರಬೇಕು’ ಅನ್ನುತ್ತಿದ್ದಾನೆ. ಗೆಳತಿ ಮಾತೇ ಕಡಿಮೆ ಮಾಡಿದ್ದಾಳೆ. ಈ ನಡುವೆ ಹೊರಗಿನವರೊಬ್ಬರು ಡ್ಯಾಶ್‌ಬೋರ್ಡ್‌ಗೆ ಸಿಂಗಲ್ ಸೈನ್-ಆನ್ (ಕಂಪನಿಯ ಒಂದೇ ಲಾಗಿನ್‌ನಿಂದ ಒಳಬರುವ ಸೌಲಭ್ಯ) ಸೇರಿಸಿ ಪುಲ್ ರಿಕ್ವೆಸ್ಟ್, ಅಂದರೆ ‘ಈ ಬದಲಾವಣೆ ಸೇರಿಸಿಕೊಳ್ಳಿ’ ಅನ್ನುವ ಕೋರಿಕೆ, ಕಳಿಸಿದರು. ಅದನ್ನು ಮುಂದೆ ದುಡ್ಡಿನ ಪ್ಲಾನ್‌ನಲ್ಲಿ ಇಡುವ ಯೋಚನೆ ನಮಗಿತ್ತು, ಹಾಗಾಗಿ ಎರಡು ತಿಂಗಳು ಏನೂ ಹೇಳದೆ ಬಿಟ್ಟೆವು. ಅವರು ಬೇಜಾರಾಗಿ ಎಲ್ಲರೆದುರೇ ಬರೆದರು. ಲೈಸೆನ್ಸ್ ಬದಲಿಸಬೇಕಾ? ಯಾರಾದರೂ ದುಡ್ಡು ಕೊಡುತ್ತಾರಾ? ನಾನು ಕೆಲಸ ಬಿಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಇವೆ. ಯಾರೋ ನಮ್ಮ ಕೋಡ್ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ಒಂದು. ಯಾರೂ ದುಡ್ಡು ಕೊಡುವುದಿಲ್ಲ ಅನ್ನುವುದು ಇನ್ನೊಂದು. ಮೂರನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ: ನಾವು ಮೂವರು ಒಟ್ಟಿಗೆ ಉಳಿಯುತ್ತೇವಾ? ಇಂಥ ಸಣ್ಣ ಟೀಮ್‌ಗಳ ಜೊತೆ ಬಹಳ ಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಮೊದಲು ಬಾಗಿಲು ತಟ್ಟುವುದು ಈ ಮೂರನೆಯದೇ. ಕೋಡ್ ಯಾರೋ ನಕಲು ಮಾಡಿದ್ದಕ್ಕೆ ಮುಚ್ಚಿಹೋದ ಟೂಲ್ ಕಂಪನಿಯನ್ನು ನಾನು ಹತ್ತಿರದಿಂದ ನೋಡಿಲ್ಲ. ಕೋಡ್ ಬರೆಯುತ್ತಿದ್ದವರು ಒಬ್ಬರಿಗೊಬ್ಬರು ಮಾತು ಬಿಟ್ಟದ್ದಕ್ಕೆ ನಿಂತುಹೋದವನ್ನು ನೋಡಿದ್ದೇನೆ.

ಆದರೂ ಲೈಸೆನ್ಸ್ ವಿಷಯ ಮೊದಲು ಮುಗಿಸೋಣ, ಯಾಕೆಂದರೆ ಅದು ತಲೆಯಲ್ಲಿ ಕೂತಿದ್ದರೆ ಬೇರೇನೂ ಯೋಚಿಸಲು ಬಿಡುವುದಿಲ್ಲ. ಹೂಡಿಕೆದಾರರು ಸುಮ್ನೆ ಹೆದರಿಸುತ್ತಿಲ್ಲ. ಮೊಂಗೋಡಿಬಿ 2018ರಲ್ಲಿ, ಎಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ ತಮ್ಮ ಲೈಸೆನ್ಸ್ ಬಿಗಿ ಮಾಡಿದವು. ಆದರೆ ಇವುಗಳಲ್ಲಿ ಮೂರು ಕಂಪನಿಗಳ ಸಾಫ್ಟ್‌ವೇರ್ ಯಾವ ಥರದ್ದು ನೋಡಿ. ಡೇಟಾಬೇಸ್, ಸರ್ಚ್, ಕ್ಯಾಶ್. ಹಗಲು ರಾತ್ರಿ ಓಡುತ್ತಿರಬೇಕು, ಯಾರಾದರೂ ಕಾಯುತ್ತಿರಬೇಕು. ಕ್ಲೌಡ್ ಕಂಪನಿಗಳು ಮಾರುವುದು ಆ ಕಾಯುವ ಕೆಲಸವನ್ನೇ. ನಿಮ್ಮ ಟೂಲ್ ಗ್ರಾಹಕರ ಸಿಐ ಪೈಪ್‌ಲೈನ್‌ನಲ್ಲಿ (ಹೊಸ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಕೆಲವು ಸೆಕೆಂಡು ಓಡಿ ಮುಗಿಯುತ್ತದೆ. ಅದರಲ್ಲಿ ಕ್ಲೌಡ್ ಕಂಪನಿ ಹೋಸ್ಟ್ ಮಾಡಿ ತಿಂಗಳ ಬಾಡಿಗೆ ಕೇಳುವಂಥದ್ದು ಹೆಚ್ಚೇನಿಲ್ಲ. ಅವರ ರೋಗ ನಿಮ್ಮದಲ್ಲ, ಅವರ ಔಷಧಿ ನಿಮಗೆ ಬೇಡ.

ಲೈಸೆನ್ಸ್ ಬದಲಿಸಿದವರಿಗೆ ಆಮೇಲೆ ಏನಾಯಿತು ಅನ್ನುವುದನ್ನೂ ತಿಳಿದುಕೊಳ್ಳಿ. ರೆಡಿಸ್ 2024ರ ಮಾರ್ಚ್ 20ರಂದು ತನ್ನ ಹಳೆಯ, ಸಡಿಲವಾದ ಬಿಎಸ್‌ಡಿ ಲೈಸೆನ್ಸ್ ಬಿಡುವುದಾಗಿ ಹೇಳಿತು. ಎಂಟೇ ದಿನದಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವ್ಯಾಲ್ಕೀ ಎಂಬ ಫೋರ್ಕ್ (ಅದೇ ಕೋಡ್ ತೆಗೆದುಕೊಂಡು ಬೇರೆಯಾಗಿ ಮುಂದುವರಿಸುವ ಯೋಜನೆ) ಎದ್ದು ನಿಂತಿತು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಬರೀ ಕೋಡ್ ಕಾಪಿ ಮಾಡುವುದಾದರೆ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಮಾಡಬಹುದು. ರೆಡಿಸ್‌ನ ಕೋರ್ ಟೀಮ್‌ನಲ್ಲಿ ಅಮೆಜಾನ್, ಅಲಿಬಾಬಾದ ಇಂಜಿನಿಯರ್‌ಗಳೂ ಇದ್ದರು. ಒಳಗಿನ ಕೆಲಸ ಅವರ ಕೈಗೆ ಗೊತ್ತಿತ್ತು. ಅವರು ಎದ್ದು ಹೋದಾಗ ಯೋಜನೆಯ ಅರ್ಧ ಜೀವ ಅವರ ಜೊತೆ ಹೋಯಿತು. 2025ರ ಮೇನಲ್ಲಿ ರೆಡಿಸ್ 8 ಬಂದಾಗ ಎಜಿಪಿಎಲ್ (ಕೋಡ್ ಬದಲಿಸಿ ಆನ್‌ಲೈನ್ ಸೇವೆಯಾಗಿ ಓಡಿಸುವವರೂ ಆ ಬದಲಾವಣೆಯನ್ನು ತೆರೆದಿಡಬೇಕು ಅನ್ನುವ ಲೈಸೆನ್ಸ್) ಆಯ್ಕೆಯನ್ನು ಸೇರಿಸಿ ಮತ್ತೆ ಓಪನ್ ಸೋರ್ಸ್ ಆಯಿತು. ಎಲಾಸ್ಟಿಕ್ ಕೂಡ 2024ರಲ್ಲಿ ಅದೇ ದಾರಿ ಹಿಡಿದಿತ್ತು.

ಮೊಂಗೋಡಿಬಿ ವಾಪಸ್ ಬರಲಿಲ್ಲ, ಹ್ಯಾಶಿಕಾರ್ಪ್ ಕೂಡ ಬರಲಿಲ್ಲ. ಹ್ಯಾಶಿಕಾರ್ಪ್‌ನ ಟೂಲ್ ಟೆರಾಫಾರ್ಮ್‌ನ ಲೈಸೆನ್ಸ್ 2023ರ ಆಗಸ್ಟ್‌ನಲ್ಲಿ ಬದಲಾಯಿತು, ಸೆಪ್ಟೆಂಬರ್ ಹೊತ್ತಿಗೆ ಓಪನ್‌ಟೋಫು ಎಂಬ ಫೋರ್ಕ್ ಲಿನಕ್ಸ್ ಫೌಂಡೇಶನ್ ಸೇರಿತು. ಹಾಗಂತ ಕಂಪನಿ ಮುಳುಗಲಿಲ್ಲ. ಐಬಿಎಂ ಅದನ್ನು 640 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2024ರಲ್ಲಿ ಹೇಳಿತು, 2025ರ ಫೆಬ್ರವರಿಯಲ್ಲಿ ವ್ಯವಹಾರ ಮುಗಿಯಿತು. ಅಂದರೆ ಲೈಸೆನ್ಸ್ ಬದಲಿಸಿದವರೆಲ್ಲ ಹಾಳಾಗುತ್ತಾರೆ ಅನ್ನುವುದೂ ಸುಳ್ಳು. ಆದರೆ ಅವರ ಹತ್ತಿರ ದೊಡ್ಡ ದೊಡ್ಡ ಗ್ರಾಹಕರ ಒಪ್ಪಂದಗಳಿದ್ದವು. ನಿಮ್ಮ ಹತ್ತಿರ ಇರುವುದು ಜನರ ನಂಬಿಕೆ ಒಂದೇ. ಅದನ್ನು ಮೊದಲ ದಿನವೇ ಖರ್ಚು ಮಾಡಿದರೆ ಕೈಯಲ್ಲಿ ಏನು ಉಳಿಯುತ್ತದೆ?

ಕಾನೂನಿನ ಲೆಕ್ಕದಲ್ಲಿ, ನಿಮ್ಮದು ಅಪಾಚೆ ಆದ್ದರಿಂದ ಮುಂದಿನ ಆವೃತ್ತಿಯನ್ನು ಬೇರೆ ಷರತ್ತಿನಲ್ಲಿ ಬಿಡಲು ಅಡ್ಡಿ ಇಲ್ಲ. ಹೊರಗಿನವರು ಬರೆದ ಭಾಗದ ಲೈಸೆನ್ಸ್ ನೋಟಿಸ್ ಉಳಿಸಿಕೊಂಡರೆ ಸಾಕು. ಆದರೆ ಈಗಾಗಲೇ ಬಿಟ್ಟ ಆವೃತ್ತಿಗಳು ಶಾಶ್ವತವಾಗಿ ಅಪಾಚೆಯಲ್ಲೇ ಇರುತ್ತವೆ. ಅವನ್ನು ಯಾರು ಬೇಕಾದರೂ ತೆಗೆದುಕೊಂಡು ಮುಂದುವರಿಸಬಹುದು. ಎಜಿಪಿಎಲ್‌ಗೆ ಹೋಗುವುದು ಇನ್ನೊಂದು ದಾರಿ, ಅದು ನಿಜವಾದ ಓಪನ್ ಸೋರ್ಸ್ ಕೂಡ. ಆದರೆ ಗೂಗಲ್‌ನಂಥ ಕಂಪನಿಗಳು ಎಜಿಪಿಎಲ್ ಕೋಡ್ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನೀವು ಯಾರಿಗೆ ಮಾರಬೇಕೋ ಅವರ ಬಾಗಿಲೇ ಮುಚ್ಚಿಕೊಳ್ಳಬಹುದು.

ನೀವು ನಿಜವಾಗಿ ಕಾಪಾಡಿಕೊಳ್ಳಬೇಕಾದದ್ದು ಟೂಲ್‌ನ ಹೆಸರನ್ನು. ಅಪಾಚೆ ಲೈಸೆನ್ಸ್ ಕೋಡ್ ಕೊಡುತ್ತದೆ, ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. ಟೆರಾಫಾರ್ಮ್ ಫೋರ್ಕ್ ಮಾಡಿದವರು ಆ ಹೆಸರು ಇಟ್ಟುಕೊಳ್ಳಲಾಗಲಿಲ್ಲ, ರೆಡಿಸ್ ಫೋರ್ಕ್ ಮಾಡಿದವರಿಗೂ ಅಷ್ಟೇ. ಸಾಫ್ಟ್‌ವೇರ್‌ಗೆ 9ನೇ ವರ್ಗ, ಆನ್‌ಲೈನ್ ಸಾಫ್ಟ್‌ವೇರ್ ಸೇವೆಗೆ 42ನೇ ವರ್ಗ. ವ್ಯಕ್ತಿ, ಸ್ಟಾರ್ಟ್‌ಅಪ್ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಲೈಸೆನ್ಸ್ ಬದಲಿಸುವ ಚರ್ಚೆಗೆ ಕಳೆಯುವ ಸಮಯದಲ್ಲಿ ಇದನ್ನು ಮಾಡಿ ಮುಗಿಸಿ. ಮೂವರಲ್ಲಿ ಒಬ್ಬರ ಹೆಸರಿನಲ್ಲಿ ಹಾಕಿ ಬಿಟ್ಟುಬಿಡಬೇಡಿ, ಕಂಪನಿ ಆದಕೂಡಲೇ ಕಂಪನಿಗೆ ವರ್ಗಾಯಿಸಿ.

ಇನ್ನು ದುಡ್ಡು. ಆರು ಸಾವಿರ ಸ್ಟಾರ್ ಅಂದರೆ ಆರು ಸಾವಿರ ಗ್ರಾಹಕರಲ್ಲ, ಅದು ನಿಮಗೂ ಗೊತ್ತು. ಆದರೆ ‘ಟೂಲ್ ಇನ್ನೂ ಚೆನ್ನಾಗಿ ಮಾಡಿದರೆ ದುಡ್ಡು ತಾನಾಗಿ ಬರುತ್ತದೆ’ ಅನ್ನುವ ನಂಬಿಕೆ ಒಳಗೊಳಗೆ ಇರುತ್ತದೆ. ರಿಥಿಂಕ್‌ಡಿಬಿ ನೆನಪಿದೆಯಾ? 2009ರಲ್ಲಿ ಶುರುವಾದ ಡೇಟಾಬೇಸ್ ಕಂಪನಿ. ಎಂಜಿನಿಯರ್‌ಗಳು ಅದರ ವಿನ್ಯಾಸವನ್ನು ಬಾಯ್ತುಂಬ ಹೊಗಳುತ್ತಿದ್ದರು. 2016ರ ಅಕ್ಟೋಬರ್‌ನಲ್ಲಿ ಕಂಪನಿ ಮುಚ್ಚಿತು. ಮುಂದಿನ ವರ್ಷ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಅದರ ಕೋಡ್‌ನ ಹಕ್ಕನ್ನು 25 ಸಾವಿರ ಡಾಲರ್‌ಗೆ ಕೊಂಡು ಲಿನಕ್ಸ್ ಫೌಂಡೇಶನ್‌ಗೆ ಕೊಟ್ಟಿತು, ಲೈಸೆನ್ಸ್ ಅಪಾಚೆ ಆಯಿತು. ಅಷ್ಟು ವರ್ಷದ ಅಷ್ಟು ಒಳ್ಳೆಯ ಕೆಲಸಕ್ಕೆ ಅಷ್ಟು ಬೆಲೆ. ಕೋಡ್ ಕೆಟ್ಟದಾಗಿರಲಿಲ್ಲ. ಬಳಸುವವರು ಬಹಳ ಇದ್ದರು, ಕೊಳ್ಳುವವರು ಸಾಕಷ್ಟು ಇರಲಿಲ್ಲ.

ಇದರ ಮೂಲ ಕಾರಣ ಸರಳ. ಡೆವಲಪರ್ ಟೂಲ್‌ಗಳಲ್ಲಿ ಮೆಚ್ಚಿಕೊಳ್ಳುವವರು ಒಬ್ಬರು, ದುಡ್ಡು ಮಂಜೂರು ಮಾಡುವವರು ಇನ್ನೊಬ್ಬರು. ನಿಮ್ಮ ಟೂಲನ್ನೇ ತೆಗೆದುಕೊಳ್ಳಿ. ಒಬ್ಬ ಪ್ರೋಗ್ರಾಮರ್ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದೊಡ್ಡ ಟೇಬಲ್ ಮೇಲೆ ‘ಕ್ರಿಯೇಟ್ ಇಂಡೆಕ್ಸ್’ ಬರೆಯುತ್ತಾನೆ, ‘ಕನ್ಕರೆಂಟ್ಲಿ’ (ಉಳಿದ ಕೆಲಸ ನಿಲ್ಲಿಸದೆ ಮಾಡು) ಸೇರಿಸುವುದು ಮರೆಯುತ್ತಾನೆ. ಇಂಡೆಕ್ಸ್ ಆಗಿ ಮುಗಿಯುವವರೆಗೆ ಆ ಟೇಬಲ್‌ಗೆ ಬರೆಯುವ ಕೆಲಸವೆಲ್ಲ ನಿಂತುಬಿಡುತ್ತದೆ. ನಿಮ್ಮ ಟೂಲ್ ಅದನ್ನು ಮೊದಲೇ ಹಿಡಿಯುತ್ತದೆ. ಅವನಿಗೆ ಖುಷಿ, ಒಂದು ಸ್ಟಾರ್ ಕೊಡುತ್ತಾನೆ. ಆದರೆ ಅವನ ಕೈಯಲ್ಲಿ ಬಜೆಟ್ ಇಲ್ಲ. ಅವನ ಮೇಲಿನ ಮ್ಯಾನೇಜರ್‌ಗೆ ಆ ಒಂದು ಇಂಡೆಕ್ಸ್ ಕಾಣುವುದೂ ಇಲ್ಲ. ಆಕೆಯ ತಲೆನೋವು ಬೇರೆ: ನಲವತ್ತು ಸರ್ವಿಸ್‌ಗಳಲ್ಲಿ ಯಾರು ಯಾವ ಮೈಗ್ರೇಷನ್ ಒಪ್ಪಿದರು, ಎಚ್ಚರಿಕೆ ಬಂದರೂ ಯಾರು ಮುಂದೆ ತಳ್ಳಿದರು, ಆಡಿಟ್ ಬಂದಾಗ ಏನು ತೋರಿಸುವುದು. ಇದಕ್ಕೆ ಆಕೆ ದುಡ್ಡು ಕೊಡುತ್ತಾರೆ.

ಕೋಡ್ ಹಂಚುವ ಇನ್ನೊಂದು ತಾಣ ಗಿಟ್‌ಲ್ಯಾಬ್, ಯಾವುದು ಉಚಿತ, ಯಾವುದಕ್ಕೆ ದುಡ್ಡು ಅನ್ನುವ ಗೆರೆಯನ್ನು ಬಹಿರಂಗವಾಗಿಯೇ ಬರೆದಿಟ್ಟಿದೆ. ಒಂದು ಸೌಲಭ್ಯ ಯಾರಿಗೆ ಹೆಚ್ಚು ಬೇಕು ಅಂತ ನೋಡುತ್ತಾರೆ. ಕೋಡ್ ಬರೆಯುವವರಿಗಾದರೆ ಉಚಿತ ಆವೃತ್ತಿಗೆ, ಮ್ಯಾನೇಜರ್ ಅಥವಾ ಅವರ ಮೇಲಿನವರಿಗಾದರೆ ದುಡ್ಡಿನ ಆವೃತ್ತಿಗೆ. ಡಾಕರ್ ಎಂಬ ಇನ್ನೊಂದು ಟೂಲ್ ಕಂಪನಿ ಬೇರೆ ಗೆರೆ ಎಳೆಯಿತು. 2021ರಲ್ಲಿ ಡಾಕರ್ ಡೆಸ್ಕ್‌ಟಾಪ್‌ಗೆ ಶುಲ್ಕ ತಂದಾಗ, 250ಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಅಥವಾ ವರ್ಷಕ್ಕೆ ಒಂದು ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯವಿರುವ ಕಂಪನಿಗಳು ಮಾತ್ರ ಕೊಡಬೇಕು ಅಂದಿತು. ವಿದ್ಯಾರ್ಥಿಗೆ, ಸಣ್ಣ ಕಂಪನಿಗೆ ಮೊದಲಿನಂತೆ ಉಚಿತ. ಎರಡೂ ಗೆರೆಗಳ ಗುಣ ಒಂದೇ. ಹೊರಗಿನವರು ಕೇಳಿದರೆ ಒಂದು ವಾಕ್ಯದಲ್ಲಿ ಹೇಳಬಹುದು.

ನಿಮ್ಮ ಮುಂದೆ ಇರುವ ದಾರಿಗಳು ಬಹಳವಿಲ್ಲ. ಡ್ಯಾಶ್‌ಬೋರ್ಡನ್ನು ನೀವೇ ಹೋಸ್ಟ್ ಮಾಡಿ ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳಬಹುದು. ಅಪಾಯ ಏನೆಂದರೆ, ರಾತ್ರಿ ಎರಡು ಗಂಟೆಗೆ ಅದು ಬಿದ್ದರೆ ಮೂವರಲ್ಲಿ ಒಬ್ಬರು ಏಳಬೇಕು. ಬ್ಯಾಂಕ್‌ನಂಥ ಗ್ರಾಹಕರು ತಮ್ಮ ಸ್ಕೀಮಾ (ಡೇಟಾಬೇಸ್‌ನ ರಚನೆ) ಹೊರಗೆ ಕಳಿಸಲು ಒಪ್ಪುವುದೂ ಕಷ್ಟ. ಉಚಿತ ಟೂಲ್ ಜೊತೆ ದುಡ್ಡಿನ ಎಂಟರ್‌ಪ್ರೈಸ್ ಭಾಗ ಮಾರಬಹುದು. ಅದರಲ್ಲಿ ಗೆರೆ ಜಾರಿದರೆ ಜನ ತಿರುಗಿಬೀಳುತ್ತಾರೆ. ಬರೀ ಸಪೋರ್ಟ್ ಮಾರುವುದು ಮೊದಲ ವರ್ಷ ಹೊಟ್ಟೆಗೆ ಆಗುತ್ತದೆ, ಆದರೆ ಗ್ರಾಹಕರ ಕೆಲಸ ಮಾಡುತ್ತ ಟೂಲ್ ಕೆಲಸ ನಿಲ್ಲುತ್ತದೆ. ಅನುದಾನವೂ ಇದೆ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗಾಗಿ ಫ್ಲಾಸ್ ಫಂಡ್ ಶುರು ಮಾಡಿತು. ವರ್ಷಕ್ಕೆ ಹತ್ತು ಲಕ್ಷ ಡಾಲರ್. ಒಂದೊಂದು ಯೋಜನೆಗೆ ಹತ್ತು ಸಾವಿರದಿಂದ ಒಂದು ಲಕ್ಷ ಡಾಲರ್‌ವರೆಗೆ. ಅರ್ಜಿ ಹಾಕಿ. ಅದು ಉಸಿರಾಡಲು ಸಮಯ ಕೊಡುತ್ತದೆ, ಗ್ರಾಹಕರನ್ನು ಕೊಡುವುದಿಲ್ಲ.

ನನ್ನನ್ನು ಕೇಳಿದರೆ ಎರಡನೆಯ ದಾರಿ. ಕಮಾಂಡ್ ಲೈನ್ ಟೂಲ್, ಅಪಾಯ ಪತ್ತೆ ಮಾಡುವ ಎಲ್ಲ ರೂಲ್‌ಗಳು, ಒಂದು ತಂಡಕ್ಕೆ ಸಾಕಾಗುವ ಡ್ಯಾಶ್‌ಬೋರ್ಡ್ ಉಚಿತವಾಗಿರಲಿ. ಒಂದು ರೂಲನ್ನೂ ದುಡ್ಡಿನ ಹಿಂದೆ ಇಡಬೇಡಿ. ದುಡ್ಡು ಕೊಡದವರ ಡೇಟಾಬೇಸ್ ಬೀಳಲಿ ಅನ್ನುವ ಅರ್ಥ ಬಂದರೆ ಆ ಟೂಲನ್ನು ಯಾರೂ ಪ್ರೀತಿಸುವುದಿಲ್ಲ. ಹಲವು ತಂಡಗಳ ಮೇಲೆ ಒಂದೇ ಪಾಲಿಸಿ, ಒಪ್ಪಿಗೆಯ ಸರಪಳಿ, ಆಡಿಟ್ ದಾಖಲೆ, ಇವಕ್ಕೆ ಬೆಲೆ ಹಾಕಿ.

ಇಲ್ಲಿಗೆ ಆ ಸಿಂಗಲ್ ಸೈನ್-ಆನ್ ಪುಲ್ ರಿಕ್ವೆಸ್ಟ್ ಬರುತ್ತದೆ. ಇದೊಂದು ಸಣ್ಣ ಘಟನೆ ಅಂದುಕೊಳ್ಳಬೇಡಿ. ಇಂಥದ್ದು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ನೀವು ಮೂವರೇ ಒಳಗೆ ಜಗಳವಾಡುತ್ತೀರಿ. ಯಾಕೆಂದರೆ ಯಾವುದು ಉಚಿತ, ಯಾವುದು ಅಲ್ಲ ಅನ್ನುವುದು ನಿಮ್ಮ ತಲೆಯಲ್ಲಿದೆ, ರೆಪೊದಲ್ಲಿ (ಎಲ್ಲರೂ ನೋಡುವ, ಕೋಡ್ ಇಟ್ಟಿರುವ ಜಾಗದಲ್ಲಿ) ಇಲ್ಲ. ಆ ಮನುಷ್ಯ ತನ್ನ ಸಂಜೆಗಳನ್ನು ಕೊಟ್ಟು ಬರೆದ. ‘ಬೇಡ’ ಅಂದಿದ್ದರೆ ಒಂದು ದಿನ ಬೇಜಾರಾಗುತ್ತಿತ್ತು. ಎರಡು ತಿಂಗಳ ಮೌನ ಅವಮಾನ ಮಾಡಿತು.

ಏನು ಮಾಡಬಹುದು? ಅದನ್ನು ಮುಚ್ಚಿ, ನೀವೇ ಅಂಥದ್ದನ್ನು ಬರೆದು ದುಡ್ಡಿನ ಆವೃತ್ತಿಗೆ ಹಾಕಬಹುದು. ಅವರ ಕೋಡೇ ಕದ್ದಿರಿ ಅನ್ನುವ ಮಾತು ಬಂದೇ ಬರುತ್ತದೆ. ಅಪಾಚೆ ಲೈಸೆನ್ಸ್ ಪ್ರಕಾರ ಅವರು ಕಳಿಸಿದ್ದನ್ನು ನೇರವಾಗಿ ದುಡ್ಡಿನ ಆವೃತ್ತಿಯಲ್ಲಿ ಬಳಸಲೂಬಹುದು. ಕಾನೂನು ಒಪ್ಪುತ್ತದೆ, ಜನ ಒಪ್ಪುವುದಿಲ್ಲ. ನಾನಾಗಿದ್ದರೆ ಮರ್ಜ್ ಮಾಡುತ್ತೇನೆ, ಅಂದರೆ ಟೂಲ್‌ಗೆ ಸೇರಿಸಿಕೊಳ್ಳುತ್ತೇನೆ. ಲಾಗಿನ್ ಅನ್ನುವುದು ಭದ್ರತೆಯ ವಿಷಯ, ಅದು ಎಲ್ಲರಿಗೂ ಸಿಗಲಿ. ಇದರಿಂದ ಕೆಲವು ಮಧ್ಯಮ ಗಾತ್ರದ ಕಂಪನಿಗಳು ದುಡ್ಡು ಕೊಡದೇ ಉಳಿಯುತ್ತವೆ, ಆ ನಷ್ಟ ಇದ್ದದ್ದೇ. ಅವರಿಗೆ ಹೀಗೆ ಬರೆಯಿರಿ: ‘ತಡಮಾಡಿದ್ದು ತಪ್ಪು, ಕ್ಷಮಿಸಿ. ಇದನ್ನು ದುಡ್ಡಿನ ಪ್ಲಾನ್‌ಗೆ ಇಡುವುದೋ ಬೇಡವೋ ಅನ್ನುವುದು ನಮ್ಮಲ್ಲೇ ತೀರ್ಮಾನ ಆಗಿರಲಿಲ್ಲ, ಅದಕ್ಕೇ ಸುಮ್ಮನಿದ್ದೆವು. ಈಗ ತೀರ್ಮಾನಿಸಿದ್ದೇವೆ. ಇದು ಉಚಿತ ಆವೃತ್ತಿಗೆ ಬರುತ್ತದೆ. ಮುಂದೆ ಯಾವುದು ದುಡ್ಡಿನದ್ದು ಅನ್ನುವುದನ್ನು ರೆಪೊದಲ್ಲೇ ಬರೆದಿದ್ದೇವೆ, ಇಲ್ಲಿ ನೋಡಿ.’ ಕಾರಣ ಇದ್ದ ಹಾಗೇ ಹೇಳಿ. ‘ಬ್ಯುಸಿ ಇದ್ದೆವು’ ಅನ್ನಬೇಡಿ.

ಹೊರಗಿನವರ ಕೋಡ್ ತೆಗೆದುಕೊಳ್ಳುವಾಗ ಉದ್ದದ ಒಪ್ಪಂದಕ್ಕೆ ಸಹಿ ಹಾಕಿಸಬೇಕು ಅಂತ ಮುಂದೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಲಿನಕ್ಸ್ ಕರ್ನೆಲ್ 2004ರಿಂದ ಬಳಸುವ ಡಿಸಿಒ ಎಂಬ ಪದ್ಧತಿ ಸಾಕು. ‘ಇದು ನಾನು ಬರೆದದ್ದು, ಕೊಡುವ ಹಕ್ಕು ನನಗಿದೆ’ ಅನ್ನುವ ಅರ್ಥದ ಒಂದು ಸಾಲು ಕಮಿಟ್‌ನಲ್ಲಿ (ಕೋಡ್ ಬದಲಾವಣೆಯ ದಾಖಲೆಯಲ್ಲಿ) ಇರುತ್ತದೆ, ಅಷ್ಟೇ. ಗಿಟ್‌ಲ್ಯಾಬ್ ಕೂಡ 2017ರಲ್ಲಿ ದೊಡ್ಡ ಒಪ್ಪಂದ ಬಿಟ್ಟು ಇದಕ್ಕೆ ಬಂತು.

ಈಗ ನಿಮ್ಮ ಮೂವರ ಮಾತು. ‘ಕೋಡ್ ಬರೆದವನಿಗೆ ಜಾಸ್ತಿ’ ಅನ್ನುವ ನಿಮ್ಮ ಗೆಳೆಯ ದುರಾಸೆಯಿಂದ ಹೇಳುತ್ತಿಲ್ಲ. ಕಮಿಟ್ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಗಿಟ್‌ಹಬ್‌ನಲ್ಲಿ ಗ್ರಾಫ್ ಇದೆ, ಹಸಿರು ಚೌಕಗಳಿವೆ. ನಿಮ್ಮ ಗೆಳತಿ ಒಂದು ಅರ್ಥವಾಗದ ಬಗ್ ರಿಪೋರ್ಟ್ ತೆಗೆದುಕೊಂಡು, ನಾಲ್ಕು ಸಲ ಸಮಾಧಾನದಿಂದ ಪ್ರಶ್ನೆ ಕೇಳಿ, ಕೊನೆಗೆ ‘ಇದು ಈ ಆವೃತ್ತಿಯಲ್ಲಿ ಮಾತ್ರ ಆಗುತ್ತದೆ’ ಅಂತ ಕಂಡುಹಿಡಿದದ್ದಕ್ಕೆ ಯಾವ ಚೌಕವೂ ಇಲ್ಲ. ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನು ಎಲ್ಲರೂ ಹೊಗಳುತ್ತಾರೆ, ಬಡಿಸಿದವರು ಯಾರು ಅಂತ ಯಾರಿಗೂ ನೆನಪಿರುವುದಿಲ್ಲ, ಹಾಗೆ. ಆಕೆ ಮಾತು ಕಡಿಮೆ ಮಾಡಿದ್ದು ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ ಸಾಲು. ಜಗಳವಾಡುವವರು ಇನ್ನೂ ಇರಬೇಕು ಅಂದುಕೊಂಡಿರುತ್ತಾರೆ. ಸುಮ್ಮನಾದವರು ಹೊರಡುವ ಯೋಚನೆಯಲ್ಲಿರುತ್ತಾರೆ. ಹೂಡಿಕೆದಾರರ ಜೊತೆ ಮುಂದಿನ ಮಾತುಕತೆಗೆ ಮೊದಲು ಆಕೆಯ ಜೊತೆ ಕೂತು ಮಾತಾಡಿ. ಫೋನ್‌ನಲ್ಲಿ ಬೇಡ, ಮೈಸೂರಿಗೇ ಹೋಗಿ.

ಆಮೇಲೆ ಮೂವರೂ ಸೇರಿ ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ಈ ಟೂಲ್ ಬದುಕಿರಲು ಯಾವ ಯಾವ ಕೆಲಸ ಆಯಿತು ಅಂತ ಪಟ್ಟಿ ಮಾಡಿ. ಇಶ್ಯೂ ವಿಂಗಡಣೆ, ಸಿಐ ಕೆಟ್ಟಾಗ ಸರಿಮಾಡಿದ್ದು, ರಿಲೀಸ್ ನೋಟ್ಸ್, ಬಳಕೆದಾರರ ಕರೆ, ಸಿಟ್ಟಾದವರಿಗೆ ಉತ್ತರ. ಎದುರಿಗೆ ಮಾಡಿದವರ ಹೆಸರು ಬರೆಯಿರಿ. ನಾನು ಇದನ್ನು ಹಲವು ಟೀಮ್‌ಗಳಲ್ಲಿ ಮಾಡಿಸಿದ್ದೇನೆ. ಪಟ್ಟಿ ನೋಡಿದ ಮೇಲೆ ಷೇರಿನ ಮಾತಿನ ಧಾಟಿಯೇ ಬದಲಾಗುತ್ತದೆ.

ಷೇರಿನ ಬಗ್ಗೆ ನನ್ನ ಸಲಹೆ: ಸಮಪಾಲು, ಅಥವಾ ಅದಕ್ಕೆ ಹತ್ತಿರ. ಎರಡು ವರ್ಷದ ಹಿಂದಿನ ಕೋಡ್‌ಗೆ ಗೌರವವಾಗಿ ಗೆಳೆಯನಿಗೆ ಸ್ವಲ್ಪ ಹೆಚ್ಚು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಕಂಪನಿಯ ಕೆಲಸ ಹೆಚ್ಚಿನದು ಮುಂದಿದೆ, ಹಿಂದಿಲ್ಲ. ಹಾಗಾಗಿ ಪಾಲು ಎಷ್ಟು ಅನ್ನುವುದಕ್ಕಿಂತ ವೆಸ್ಟಿಂಗ್, ಅಂದರೆ ಕೆಲಸ ಮಾಡುತ್ತ ಹೋದಂತೆ ಷೇರು ಹಂತಹಂತವಾಗಿ ಕೈಗೆ ಸಿಗುವುದು, ಮುಖ್ಯ. ನಾಲ್ಕು ವರ್ಷ, ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಏನೂ ಇಲ್ಲ, ಇದು ಎಲ್ಲ ಕಡೆ ನಡೆಯುವ ಪದ್ಧತಿ. ನಮ್ಮಲ್ಲಿ ಸ್ಥಾಪಕರಿಗೆ ಷೇರು ಮೊದಲೇ ಕೊಟ್ಟು, ಬಿಟ್ಟು ಹೋದರೆ ಉಳಿದ ಭಾಗ ವಾಪಸ್ ಬರಬೇಕು ಅಂತ ಷೇರುದಾರರ ಒಪ್ಪಂದದಲ್ಲಿ ಬರೆಯುತ್ತಾರೆ. ಇದನ್ನು ಬರೆಯದೆ ಆರು ತಿಂಗಳಿಗೆ ಒಬ್ಬರು ಹೊರಟರೆ, ಮೂರನೇ ಒಂದು ಪಾಲು ಕಂಪನಿ ಕೆಲಸ ಮಾಡದವರ ಕೈಯಲ್ಲಿ ಉಳಿಯುತ್ತದೆ. ಆಮೇಲೆ ಯಾವ ಹೂಡಿಕೆದಾರರೂ ಹತ್ತಿರ ಬರುವುದಿಲ್ಲ. ಮುಂದೆ ಕೆಲಸಕ್ಕೆ ಸೇರುವವರಿಗೆ ಇಸಾಪ್ (ಉದ್ಯೋಗಿಗಳು ಷೇರು ಕೊಳ್ಳುವ ಹಕ್ಕು) ಕೊಟ್ಟರೆ, ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷದ ನಂತರವೇ ವೆಸ್ಟ್ ಆಗಬೇಕು ಅನ್ನುವುದು ಕಂಪನಿ ನಿಯಮ.

ಇನ್ನು, ಯಾರ ಮಾತು ಕೊನೆಯದು? ಮೂವರೂ ಒಪ್ಪಿದರೆ ಮಾತ್ರ ಅನ್ನುವ ನಿಯಮ ಗೆಳೆತನಕ್ಕೆ ಚೆಂದ, ಕೆಲಸಕ್ಕೆ ಆಗುವುದಿಲ್ಲ. ಎಲ್ಲ ಒಬ್ಬರೇ ತೀರ್ಮಾನಿಸುವುದೂ ಆ ಒಬ್ಬರನ್ನು ತಿಂದುಹಾಕುತ್ತದೆ. ಪೈಥಾನ್ ಭಾಷೆ ಕಟ್ಟಿದ ಗೈಡೋ ವಾನ್ ರಾಸಮ್ 2018ರ ಜುಲೈನಲ್ಲಿ, ಒಂದು ಸಣ್ಣ ಸಿಂಟ್ಯಾಕ್ಸ್ ಬದಲಾವಣೆಯ ಮೇಲಿನ ಕಹಿ ಚರ್ಚೆಯ ನಂತರ, ಇನ್ನು ತೀರ್ಮಾನ ನಾನು ಮಾಡುವುದಿಲ್ಲ ಅಂತ ಹಿಂದೆ ಸರಿದರು. ಆಮೇಲೆ ಐದು ಜನರ ಸಮಿತಿ ಬಂತು, ಒಂದೇ ಕಂಪನಿಯಿಂದ ಇಬ್ಬರಿಗಿಂತ ಹೆಚ್ಚು ಇರಬಾರದು ಅನ್ನುವ ನಿಯಮವೂ ಬಂತು. ನಿಮಗೆ ಸಮಿತಿ ಬೇಡ. ವಿಷಯಕ್ಕೊಬ್ಬರು ಸಾಕು. ಕೋಡ್‌ನ ಒಳ ವಿನ್ಯಾಸ ಅವನು, ರಿಲೀಸ್ ಮತ್ತು ಬಳಕೆದಾರರ ಮುಖ ಆಕೆ, ಬೆಲೆ ಮತ್ತು ಗ್ರಾಹಕರು ನೀವು. ಉಳಿದಿಬ್ಬರ ಅಭಿಪ್ರಾಯ ಕೇಳಬೇಕು, ಕೊನೆಯ ಮಾತು ಆ ವಿಷಯ ಹೊತ್ತವರದು. ಮೂರು ಊರಲ್ಲಿದ್ದೀರಿ, ಹಾಗಾಗಿ ಕರೆಯಲ್ಲಿ ಏನೇ ತೀರ್ಮಾನವಾದರೂ ಎರಡು ಸಾಲು ಬರೆದು ರೆಪೊದಲ್ಲಿಡಿ. ಯಾಕೆ ಅನ್ನುವುದೂ ಅದರಲ್ಲಿರಲಿ.

ಭಾರ ಒಬ್ಬರ ಮೇಲೇ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2024ರ ಮಾರ್ಚ್‌ನ ಎಕ್ಸ್‌ಝೆಡ್ ಪ್ರಕರಣ ನೋಡಿ. ಪ್ರಪಂಚದ ಲಿನಕ್ಸ್ ಸಿಸ್ಟಮ್‌ಗಳಲ್ಲೆಲ್ಲ ಇರುವ ಕಂಪ್ರೆಷನ್ ಲೈಬ್ರರಿ (ಫೈಲ್ ಗಾತ್ರ ಕುಗ್ಗಿಸುವ ಕೋಡ್), ನೋಡಿಕೊಳ್ಳುತ್ತಿದ್ದವರು ಬಿಡುವಿನ ಸಮಯದಲ್ಲಿ ಒಬ್ಬರೇ, ದಣಿದಿದ್ದರು. ‘ನಿಮ್ಮಿಂದಾಗದಿದ್ದರೆ ಬೇರೆಯವರಿಗೆ ಕೊಡಿ’ ಅನ್ನುವ ಅರ್ಥದ ಒತ್ತಡ ಅಪರಿಚಿತ ಖಾತೆಗಳಿಂದ ಬಂತು. ವರ್ಷಗಟ್ಟಲೆ ಸಹಾಯ ಮಾಡಿ ನಂಬಿಕೆ ಗಳಿಸಿದ ಒಬ್ಬರಿಗೆ ಅಧಿಕಾರ ಸಿಕ್ಕಿತು, ಅವರೇ ಹಿಂಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಹಿಂದೆ ಬಿದ್ದದ್ದರಿಂದ ಅದು ಸಿಕ್ಕಿತು. ನಿಮ್ಮ ಟೂಲ್ ಗ್ರಾಹಕರ ಡೇಟಾಬೇಸ್ ಪಕ್ಕದಲ್ಲೇ ಓಡುತ್ತದೆ, ನೆನಪಿರಲಿ. ರಿಲೀಸ್ ಮಾಡಲು ಇಬ್ಬರ ಒಪ್ಪಿಗೆ ಬೇಕು ಅಂತ ಇವತ್ತೇ ಸೆಟ್ ಮಾಡಿ. ಇಶ್ಯೂ ನೋಡುವ ಕೆಲಸ ವಾರಕ್ಕೊಬ್ಬರಂತೆ ಸುತ್ತಲಿ. ಹುಬ್ಬಳ್ಳಿಯ ಗೆಳೆಯನೂ ಆ ಸರದಿಯಲ್ಲಿರಲಿ, ಆಗ ಆ ಕೆಲಸ ಏನು ಅಂತ ಅವನ ಕೈಗೂ ಗೊತ್ತಾಗುತ್ತದೆ.

ಒಳ್ಳೆಯ ಟೀಮ್ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಡೇಟಾಬೇಸ್ ರೆಪ್ಲಿಕೇಷನ್ (ಮುಖ್ಯ ಸರ್ವರ್‌ನ ಡೇಟಾ ಎರಡನೇ ಸರ್ವರ್‌ಗೆ ನಕಲಾಗುವುದು) ಹಿಂದೆ ಬಿದ್ದಿತ್ತು. ರಾತ್ರಿ ಹೊತ್ತಿನಲ್ಲಿ ಒಬ್ಬ ಎಂಜಿನಿಯರ್, ಎರಡನೇ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಡೇಟಾ ಫೋಲ್ಡರ್ ಅಳಿಸುವ ಕಮಾಂಡ್ ಕೊಟ್ಟರು. ಅದು ಮುಖ್ಯ ಸರ್ವರ್. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದರೆ, ದಿನದ ಡಂಪ್ ತಪ್ಪು ಪೋಸ್ಟ್‌ಗ್ರೆಸ್ ಆವೃತ್ತಿಯ ಟೂಲ್‌ನಿಂದ ನಡೆದು ಸದ್ದಿಲ್ಲದೆ ಸೋಲುತ್ತಿತ್ತು. ಸೋತಿದೆ ಅಂತ ಹೇಳುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆ ಎಂಜಿನಿಯರೇ ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ತೆಗೆದ ಸ್ನ್ಯಾಪ್‌ಶಾಟ್ ಒಂದಿತ್ತು, ಅದರಿಂದ ಎತ್ತಿದರು. ಅಷ್ಟು ಹೊತ್ತಿನ ಡೇಟಾ ಹೋಯಿತು. ಕಂಪನಿ ಏನು ಮಾಡಿತು? ಸರಿಪಡಿಸುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿತು, ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಆಮೇಲಿನ ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ, ‘ಟೀಮ್ ಸದಸ್ಯ 1’ ಅಂತ ಮಾತ್ರ ಇದೆ. ಒಬ್ಬರು ಯಾಕೆ ತಪ್ಪು ಮಾಡಿದರು ಅಂತ ನಿಲ್ಲಿಸದೆ, ಬ್ಯಾಕಪ್ ಯಾಕೆ ಯಾರ ಜವಾಬ್ದಾರಿಯೂ ಆಗಿರಲಿಲ್ಲ ಅನ್ನುವವರೆಗೆ ಕೆದಕಿ ಬರೆದರು. ನಿಮ್ಮಲ್ಲೂ ಒಂದು ದಿನ ಇಂಥದ್ದಾಗುತ್ತದೆ. ಆ ದಿನ ಹೇಗೆ ನಡೆದುಕೊಳ್ಳುತ್ತೀರಿ ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ.

ಕೊನೆಗೆ ನಿಮ್ಮ ಕೆಲಸದ ಪ್ರಶ್ನೆ. ಇನ್ನೂ ಬಿಡಬೇಡಿ. ಮೊದಲು ಟೂಲ್ ಬಳಸುತ್ತಿರುವ ಐದು ಕಂಪನಿಗಳ ಮ್ಯಾನೇಜರ್‌ಗಳ ಜೊತೆ ಮಾತಾಡಿ. ಪ್ರೋಗ್ರಾಮರ್‌ಗಳ ಜೊತೆ ಅಲ್ಲ, ಅವರನ್ನು ನೀವು ಆಗಲೇ ಗೆದ್ದಿದ್ದೀರಿ. ಇಬ್ಬರಾದರೂ ದುಡ್ಡು ಕೊಟ್ಟು ಪೈಲಟ್ (ಪ್ರಾಯೋಗಿಕ ಬಳಕೆ) ಮಾಡಲು ಬರವಣಿಗೆಯಲ್ಲಿ ಒಪ್ಪಲಿ. ‘ಚೆನ್ನಾಗಿದೆ, ಮುಂದೆ ನೋಡೋಣ’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅದೇ ಹೊತ್ತಿಗೆ ನಿಮ್ಮ ಆಫೀಸಿನ ನೇಮಕಾತಿ ಪತ್ರ ಹೊರಗೆ ತೆಗೆದು ಓದಿ. ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಉದ್ಯೋಗದ ಭಾಗವಾಗಿ ಬರೆದದ್ದರ ಹಕ್ಕು ಮಾಲೀಕರದು. ಸಂಜೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಅದರಲ್ಲಿ ಬರುವುದಿಲ್ಲ ಅಂತ ನೀವು ವಾದಿಸಬಹುದು, ಆದರೆ ಬೆಂಗಳೂರಿನ ಎಷ್ಟೋ ನೇಮಕಾತಿ ಪತ್ರಗಳು ಆಫೀಸಿನ ಹೊತ್ತಿನ ಹೊರಗಿನದ್ದನ್ನೂ ಕೇಳುತ್ತವೆ. ಈ ಟೂಲ್ ಮೇಲೆ ನಮಗೆ ಹಕ್ಕಿಲ್ಲ ಅನ್ನುವ ಪತ್ರ ಆಫೀಸಿನಿಂದ ತೆಗೆದುಕೊಳ್ಳಿ. ಗೆಳೆಯ, ಗೆಳತಿ ಎಲ್ಲಾದರೂ ಕೆಲಸ ಮಾಡುತ್ತಿದ್ದರೆ ಅವರೂ ತರಲಿ.

ಕಂಪನಿ ನೋಂದಣಿಯಾದ ಮೇಲೆ ಮೂವರೂ ನಿಮ್ಮ ಕೋಡ್, ಡಾಕ್ಯುಮೆಂಟೇಷನ್, ಲೋಗೋ ಹಕ್ಕನ್ನು ಕಂಪನಿಗೆ ಬರವಣಿಗೆಯಲ್ಲಿ ಕೊಡಬೇಕು. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಯ 19ನೇ ಕಲಮಿನಂತೆ, ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಆ ವರ್ಗಾವಣೆ ಐದೇ ವರ್ಷಕ್ಕೆ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನೊಂದು ಕಂಪನಿಯ ಒಪ್ಪಂದ ತಂದು ಹೆಸರು ಬದಲಿಸಿದರೆ ಈ ಎರಡು ಸಾಲು ಬಿಟ್ಟುಹೋಗಿರಬಹುದು. ‘ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಪ್ರಪಂಚದಾದ್ಯಂತ’ ಅಂತ ವಕೀಲರಿಂದ ಬರೆಸಿ, ಮೂವರೂ ಒಂದೇ ದಿನ ಸಹಿ ಹಾಕಿ. ಆಫೀಸಿನ ಪತ್ರ ಮತ್ತು ಆ ಎರಡು ಪೈಲಟ್ ಒಪ್ಪಂದ ಕೈಗೆ ಬಂದ ವಾರವೇ ನೀವು ರಾಜೀನಾಮೆ ಕೊಡಬಹುದು.